ಇಲ್ಲದ ಏಕಾದಶಿ

ಹಿರೇಬೆಂಡಿಗೇರಿಯ ದಲಿತ ಕೇರಿಯ ಪ್ರಾರ್ಥನಾ ಮನೆಯೆಂದರೆ ತಗಡು ಹೊದಿಸಿದ ಒಂದೇ ಕೋಣೆ. ಆ ಭಾನುವಾರ ಅಲ್ಲಿ ಮಾತಾಡಲು ಸವಣೂರಿನಿಂದ ಸಂಪದಾಬಾಯಿ ಬಂದಿದ್ದರು. ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ ನಿವೃತ್ತರಾದವರು, ವೈಷ್ಣವ ಪಂಡಿತರ ಮನೆಯ ಮಗಳು. ಮೊದಮೊದಲಿನ ಕ್ರೈಸ್ತರು ಹೇಗೆ ಬದುಕಿದರೆಂದು ತಮ್ಮ ಸಭೆಯವರಿಗೆ ತಿಳಿಸಬೇಕೆಂದು ಹಳೆಯ ವಿದ್ಯಾರ್ಥಿನಿ ವಿದ್ಯಾ ಕೇಳಿಕೊಂಡಿದ್ದಳು.

ಸಂಪದಾಬಾಯಿ ಮನಮುಟ್ಟುವಂತೆಯೇ ಹೇಳಿದರು. ಆ ಕಾಲದ ಸಭೆಗಳಲ್ಲಿ ಎಲ್ಲರೂ ಕೂಡಿ ಉಣ್ಣುವ ರೂಢಿ ಇತ್ತು. ಒಂದೂರಿನಲ್ಲಿ ಉಳ್ಳವರು ಬೇಗ ಬಂದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು. ದುಡಿದು ತಡವಾಗಿ ಬಂದ ಆಳುಗಳಿಗೆ ಬರಿ ಪಾತ್ರೆ. ಅದು ಕಿವಿಗೆ ಬಿದ್ದಾಗ ಅವರ ಗುರು ಖಾರವಾಗಿ ಕಾಗದ ಬರೆದ: ಉಣ್ಣುವ ಮುಂಚೆ ಒಬ್ಬರಿಗಾಗಿ ಒಬ್ಬರು ಕಾಯಬೇಕು. ನನ್ನ ಹಸಿವಿನಷ್ಟೇ ನಿನ್ನ ಹಸಿವೂ ದೊಡ್ಡದೆಂದು ಒಪ್ಪುವುದೇ ಕಾಯುವುದು ಎಂದು ಸಂಪದಾಬಾಯಿ ಮುಗಿಸಿದಾಗ, ತಮ್ಮ ಮಾತು ತಮಗೇ ಹಿಡಿಸಿತು.

ಅಷ್ಟರಲ್ಲಿ ನಸುಕಿನಿಂದ ಹತ್ತಿ ಬಿಡಿಸಿದ ಹೆಂಗಸರೂ ಬಂದು ಕೂತರು. ವಿದ್ಯಾಳ ತಾಯಿ ಶೇಖವ್ವ ರೊಟ್ಟಿಯ ಬುಟ್ಟಿ, ಬದನೆಕಾಯಿ ಪಲ್ಯದ ಪಾತ್ರೆ ತಂದಿಟ್ಟಳು. "ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿಲ್ರಿ ಬಾಯಾರ. ವಿದ್ಯಾ ಹೇಳಿದ್ಳು," ಎಂದಳು.

ಸಂಪದಾಬಾಯಿಯ ಕೈಲಿದ್ದ ಈರುಳ್ಳಿ ಬೆಳ್ಳುಳ್ಳಿಯ ನೆಪ ಜಾರಿತು. ಹೋಟೆಲಿನಲ್ಲಿ ಯಾರು ಬೇಯಿಸಿದರೆಂದು ಕೇಳದೆ ಉಂಡವರು ಅವರು. ಆದರೆ ಈ ಕೇರಿಯಲ್ಲಿ, ಈ ಕೈಯ ಅಡಿಗೆ? ಮೈಯೇ ಹಿಂದೆ ಸರಿಯಿತು. "ಇವತ್ತ ಏಕಾದಶಿ ಅದವಾ. ನಂದು ಉಪವಾಸ," ಎಂದುಬಿಟ್ಟರು. ಅಂದು ಪಂಚಮಿ.

ಶೇಖವ್ವ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿದಳು. "ಹಂಗಾದ್ರ ನೀವು ಬಸ್ ಹತ್ತಿದ ಮ್ಯಾಲ ಉಣ್ತೇವ್ರಿ. ಉಪಾಸ ಇದ್ದವ್ರ ಮುಂದ ಉಣ್ಣೂದು ಚಂದಲ್ಲ. ನೀವ ಹೇಳಿದ್ರೆಲ್ಲ, ಕಾಯ್ಬೇಕಂತ."

ದನಿಯಲ್ಲಿ ಕೊಂಕಿರಲಿಲ್ಲ. ಬಸ್ಸು ಬರುವುದು ಮೂರಕ್ಕೆ, ಆಗಿನ್ನೂ ಒಂದೂವರೆ. ನೀವು ಉಣ್ಣಿರೆಂದು ಸಂಪದಾಬಾಯಿ ಎರಡು ಸಲ ಹೇಳಿದರೂ ಯಾರೂ ಕೇಳಲಿಲ್ಲ. ಒಬ್ಬಾಕೆ ತಂಬಿಗೆ ನೀರು ಕುಡಿದು ಸೀರೆ ಬಿಗಿಮಾಡಿಕೊಂಡಳು. ಹತ್ತಿಯ ಸಿಪ್ಪೆ ತರಚಿ ಅವಳ ಬೆರಳ ತುಂಬ ಗೀರುಗಳಿದ್ದವು.

"ನಮಗೂ ಏಕಾದಶಿ ಕಲಸ್ರಿ ಬಾಯಾರ, ಜ್ವಾಳ ಉಳೀತಾವು," ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು.

ಸಂಪದಾಬಾಯಿಗೆ ನಗಲಾಗಲಿಲ್ಲ. ಬಸ್ಸು ಬಂದರೆ ಹೋಗಿಬಿಡಬಹುದು, ಯಾರಿಗೂ ತಿಳಿಯುವುದಿಲ್ಲ. ತಮಗೆ ಮಾತ್ರ ತಿಳಿದಿರುತ್ತದೆ. ಕಾಲು ಗಂಟೆ ಹೇಗೋ ತಡೆದರು.

"ಶೇಖವ್ವ, ಇವತ್ತ ಏಕಾದಶಿ ಅಲ್ಲ. ನಿಮ್ಮ ಕೈಯಾಗಿಂದು ಉಣ್ಣಬಾರದಂತ ಸುಳ್ಳು ಹೇಳಿದೆ."

ತಪ್ಪು ತನ್ನದೇ ಎಂಬಂತೆ ವಿದ್ಯಾ ತಲೆ ತಗ್ಗಿಸಿದಳು. ಅವಳ ತಗ್ಗಿದ ತಲೆಯನ್ನು ನೋಡುವುದು ಸಂಪದಾಬಾಯಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ನಿಜ ಹೇಳಿದಿರೆಂದು ಯಾರೂ ಮೆಚ್ಚಲಿಲ್ಲ, ಹೋಗಲಿ ಬಿಡಿ ಎಂದೂ ಅನ್ನಲಿಲ್ಲ. ಶೇಖವ್ವ ಬುಟ್ಟಿಯ ಮೇಲಿನ ಬಟ್ಟೆ ತೆಗೆದಳು. ಆಮೇಲೆ ಹತ್ತಿ ಬಿಡಿಸಿ ಬಂದವರಿಗೆ ಮೊದಲು ನೀಡಿ, ಕೊನೆಗೆ ಸಂಪದಾಬಾಯಿಯ ಮುಂದೆಯೂ ಒಂದು ಗಂಗಾಳದಲ್ಲಿ ಬಡಿಸಿಟ್ಟಳು.

ಸಂಪದಾಬಾಯಿ ತಲೆ ಎತ್ತದೆ ಉಂಡರು. ಹಸಿವು ಇನ್ನೂ ಇತ್ತು, ಇನ್ನೊಂದು ರೊಟ್ಟಿ ಕೇಳಲು ಬಾಯಿ ಬರಲಿಲ್ಲ. ಶೇಖವ್ವ ಒಂದು ರೊಟ್ಟಿಯಲ್ಲಿ ಅರ್ಧ ಮುರಿದು ಹಾಕಿ ಮುಂದೆ ಹೋದಳು.