ತಿಪ್ಪನ ಹೆಸರು ಹೇಳಿದ ದನಿ

ದೊರೆಸ್ವಾಮಿಗಳ ಮನೆಯ ಫೋನು ಹೊಡೆದುಕೊಂಡರೆ ಅದಕ್ಕಿಂತ ಮೊದಲೇ ಮೂರನೆಯ ಮನೆಯ ನಿಂಗರಾಜುವಿನ ಎದೆ ಹೊಡೆದುಕೊಳ್ಳುತ್ತಿತ್ತು.

ನಿಂಗರಾಜು ವೆಲ್ಡಿಂಗ್ ಕಂಟ್ರಾಕ್ಟರು. ಪಾಂಡವಪುರದ ಸುತ್ತಮುತ್ತ ಆಲೆಮನೆಯೋ ರೈಸ್‌ಮಿಲ್ಲೋ, ಎಲ್ಲಿ ಕಬ್ಬಿಣ ಬಿರುಕು ಬಿಟ್ಟರೂ ತನ್ನ ಹುಡುಗರನ್ನು ಕಟ್ಟಿಕೊಂಡು ಹೋಗುವವನು. ಸ್ವಂತ ಫೋನಿಲ್ಲದ್ದರಿಂದ ಕಾರ್ಡಿನಲ್ಲಿ ದೊರೆಸ್ವಾಮಿಗಳ ನಂಬರನ್ನೇ ಅಚ್ಚು ಹಾಕಿಸಿದ್ದ. ದೇವಸ್ಥಾನದ ಕೆಲಸದಿಂದ ನಿವೃತ್ತರಾದ ಅವರಿಗೆ ಅದರಿಂದ ಬೇಸರವಿರಲಿಲ್ಲ. ಸಂಜೆ ಅವರು ಜಗಲಿಯಲ್ಲಿ ರಾಗವಾಗಿ ಪದ್ಯ ಓದುವಾಗ ಚಿಕ್ಕಂದಿನಿಂದ ತಪ್ಪದೆ ಬಂದು ಕೂರುತ್ತಿದ್ದವರು ಆ ಬೀದಿಯಲ್ಲಿ ಇಬ್ಬರೇ: ನಿಂಗರಾಜು ಮತ್ತು ಅವನ ತಮ್ಮ ಲೋಕೇಶ.

ಈಗ ಒಬ್ಬನೇ. ಹೋದ ವರ್ಷ ಯಾರೋ ಇದೇ ಫೋನಿಗೆ ಕರೆ ಮಾಡಿ, ಬೊಂಬಾಯಿಯ ಹಡಗುಕಟ್ಟೆಗೆ ವೆಲ್ಡರುಗಳು ಬೇಕು, ಊಟ ವಸತಿ ನಮ್ಮದೇ ಎಂದಿದ್ದರು. ಲೋಕೇಶ ಹೊರಟ. ತಲುಪಿದೆ ಅಂತ ಒಂದು ಕಾರ್ಡು ಬಂತು, ಆಮೇಲೆ ಏನೂ ಇಲ್ಲ. ನಿಂಗರಾಜು ಬೊಂಬಾಯಿಗೆ ಹೋಗಿ ನೋಡಿದರೆ ಕಂಪನಿಯ ವಿಳಾಸದಲ್ಲಿ ಬೀಗ ಜಡಿದ ಅಂಗಡಿಯಿತ್ತು. ಪೊಲೀಸರಿಗೆ ದೂರು ಕೊಟ್ಟದ್ದೂ ಆಯಿತು.

ಈ ಸಂಕ್ರಾಂತಿ ಕಳೆದ ಮೇಲೆ ಅದೇ ದನಿ ಮತ್ತೆ ಬಂತು.

“ನಿಂಗರಾಜು ಅವರಾ? ನಿಮ್ಮ ಹುಡುಗರನ್ನೆಲ್ಲ ಕರ್ಕೊಂಡು ಬನ್ನಿ. ಒಳ್ಳೆ ಕೆಲಸ ಇದೆ. ರೈಲ್ ಟಿಕೆಟ್ ನಮ್ಮದು.”

“ಕಂಪನಿ ಎಸ್ರೇನು ಸಾ?”

“ಬಂದ್ಮೇಲೆ ಎಲ್ಲ ಗೊತ್ತಾಗುತ್ತೆ.”

“ನನ್ ತಮ್ಮ ಎಲ್ಲಿ?”

ದನಿ ಚೂರೂ ಬೆಚ್ಚಲಿಲ್ಲ. “ಇಲ್ಲೇ ಇದ್ದಾನಲ್ಲ. ನಿಮ್ಮನ್ನ ಕರೆಸಿ ಅಂತ ಅವನೇ ಹೇಳಿದ್ದು.”

“ಅಂಗಾದ್ರೆ ಅವನ್ ಕೈಗೆ ಫೋನ್ ಕೊಡಿ.”

“ಡ್ಯೂಟೀಲಿದ್ದಾನೆ.”

ಮತ್ತೆ ಮತ್ತೆ ಕರೆ ಬಂತು. ಯಾವಾಗ ಕೇಳಿದರೂ ಡ್ಯೂಟಿ. “ಆ ಊರಲ್ಲಿ ಭಾನುವಾರ ಅನ್ನೋದೇ ಬರೋಲ್ವೇನಯ್ಯಾ?” ಎಂದರು ದೊರೆಸ್ವಾಮಿಗಳು. ನಗಿಸಲು ಹೇಳಿದ ಮಾತಿಗೆ ಅವರಿಗೂ ನಗು ಬರಲಿಲ್ಲ.

ಕೊನೆಗೆ ನಿಂಗರಾಜುವಿಗೆ ತಡೆಯಲಾಗಲಿಲ್ಲ. “ಮನೇಲಿ ಅವನ್ನ ಏನಂತ ಕರೀತೀವಿ? ಅವನನ್ನೇ ಕೇಳಿ ಯೋಳಿ. ಸರಿಯಾಗಿದ್ರೆ ಬತ್ತೀನಿ” ಎಂದುಬಿಟ್ಟ.

ಮಾರನೆಯ ಸಂಜೆ ದನಿ ಒಂದೇ ಮಾತು ಹೇಳಿತು. “ತಿಪ್ಪ.”

ನಿಂಗರಾಜು ಮನೆಗೆ ಓಡಿದ. “ಅವ್ವಾ, ಲೋಕ ಬದುಕವ್ನೆ ಕಣವ್ವಾ! ತಿಪ್ಪ ಅಂದ್ರು!”

ಮುದ್ದೆ ತಿರುವುತ್ತಿದ್ದ ದೊಡ್ಡತಾಯಮ್ಮನ ಕೈ ನಿಂತಿತು. ಮುಖ ಅರಳಲಿಲ್ಲ. “ಆ ಎಸ್ರ ಯಾಕ್ಲಾ ಕೇಳ್ದೆ ನೀನು?”

ಲೋಕೇಶನಿಗಿಂತ ಮುಂಚೆ ಎರಡು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಅದಕ್ಕೇ ಸಂತೆಬಾಚಹಳ್ಳಿಯ ತವರಿನಲ್ಲಿ ಅವನು ಹುಟ್ಟಿದೊಡನೆ ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡ ಸೂಲಗಿತ್ತಿಯಿಂದ ಹಿಡಿ ತೌಡಿಗೆ ಕೊಂಡು ತಂದಿದ್ದರು. ಸಾವು ಬಂದು ಕೇಳಿದರೆ ಇದು ತಿಪ್ಪೆಯಲ್ಲಿ ಸಿಕ್ಕಿದ್ದು, ನಮ್ಮದಲ್ಲ ಎನ್ನಬೇಕಲ್ಲ. ಆ ಹೆಸರು ಹೊಸ್ತಿಲು ದಾಟಬಾರದು. ಸ್ಕೂಲಿನಲ್ಲಿ ಎಷ್ಟು ಪೀಡಿಸಿದರೂ ಲೋಕೇಶ ಅದನ್ನು ಬಾಯಿಬಿಟ್ಟವನಲ್ಲ.

“ಅವನಾಗವ್ನೇ ಯೋಳೋ ಎಸ್ರಾ ಅದು? ಏನ್ ಮಾಡಿ ಯೋಳುಸವ್ರೋ” ಎಂದಳು ಅವ್ವ.

ನಿಂಗರಾಜು ಒಲೆಯ ಮುಂದೆ ಕೂತ. ಎಲ್ಲೋ ಒಂದು ಕೋಣೆಯಲ್ಲಿ ಯಾರೋ ಲೋಕೇಶನೆದುರು ನಿಂತು ಆ ಪ್ರಶ್ನೆ ಕೇಳಿದ್ದು, ಅವನು ಬಾಯಿ ಬಿಗಿಹಿಡಿದದ್ದು, ಆಮೇಲೆ ತೆರೆದದ್ದು. ಕಣ್ಣು ಮುಚ್ಚಿದರೂ ಅದೇ, ಬಿಟ್ಟರೂ ಅದೇ. ಪ್ರಶ್ನೆ ಕಳಿಸಿದವನು ತಾನು.

“ನಾ ಓಯ್ತೀನಿ ಕಣವ್ವಾ. ಉಡುಗ್ರು ಬ್ಯಾಡ, ನಾನೊಬ್ನೇ.”

“ಓಗು. ಆಮೇಲೆ ನಿನ್ ಎಸ್ರೇಳ್ಕಂಡು ಇನ್ಯಾರ್ನ ಕರುಸ್ತಾರೆ ಅಂತ ನಾ ಕಾಯ್ತಾ ಕೂತ್ಕಂತೀನಿ!” ಒಲೆಯ ಸೌದೆಯನ್ನು ಮುಂದಕ್ಕೆ ತಳ್ಳಿದಳು. “ನಿನ್ನ ಎಳ್ಯಕ್ಕೇ ಅವನ್ನ ಇಟ್ಕಂಡವ್ರೆ. ನಮ್ಮೋನಲ್ಲ ಅಂದ್ಬುಡು. ಯಾರ್ಗೂ ಬ್ಯಾಡ್ದೋನು ಅಂದ್ರೆ ಕೈ ಬುಟ್ಟಾರು. ಆವತ್ತು ಅಂಗಂದೇ ನಾ ಉಳುಸ್ಕಂಡಿದ್ದು.”

“ಅದ್ನ ಅವನು ಕೇಳುಸ್ಕಂಡ್ರೆ?”

“ಅವನ್ಗೆ ಗೊತ್ತಾಯ್ತದೆ” ಎಂದಳು ಅವ್ವ, ಮುಖ ಆಚೆ ತಿರುಗಿಸಿಕೊಂಡು.

ಮಾರನೆಯ ಸಂಜೆ ಫೋನು ಬಂದಾಗ ದೊರೆಸ್ವಾಮಿಗಳು ಓದು ನಿಲ್ಲಿಸಿ, ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತರು.

“ಸೋಮವಾರ ಹೊರಡ್ತೀರಲ್ಲ? ತಿಪ್ಪ ಕಾಯ್ತಿದ್ದಾನೆ.”

ಆ ದನಿ ಮಾತಾಡುತ್ತಿರುವಾಗಲೇ ಅದರ ಪಕ್ಕದಲ್ಲಿ ಇನ್ನೊಂದು ಉಸಿರು ಕೇಳಿಸುತ್ತಿತ್ತು. ಮೂಗು ಕಟ್ಟಿದವರ ಉಸಿರಿನಂತೆ ಭಾರವಾಗಿ ಏರಿ ಇಳಿಯುತ್ತಿತ್ತು. ಲೋಕಾ ಎಂಬ ಕೂಗು ನಿಂಗರಾಜುವಿನ ನಾಲಿಗೆಯ ತುದಿಗೆ ಬಂದು ನಿಂತಿತು. ನುಂಗಿಕೊಂಡ.

“ತಿಪ್ಪನಾ? ಅಂಗಂತ ನಮ್ಮನೇಲಿ ಯಾರೂ ಇಲ್ಲ. ಎಲ್ಲೋ ತಿಪ್ಪೇಲಿ ಸಿಕ್ಕಿದ್ದೋನು. ಇಟ್ಕಂಡ್ರೂ ಇಟ್ಕಳಿ, ಬುಟ್ರೂ ಬುಡಿ. ನಾನಂತೂ ಬರಕಿಲ್ಲ.”

ಆ ಇನ್ನೊಂದು ಉಸಿರು ಒಮ್ಮೆ ಜೋರಾಗಿ ಒಳಗೆಳೆದುಕೊಂಡಿತು. ಅಳುವ ಮುಂಚೆ ಎಳೆದುಕೊಳ್ಳುತ್ತಾರಲ್ಲ, ಹಾಗೆ. ನಗುವ ಮುಂಚೆಯೂ ಹಾಗೆಯೇ ಎಳೆದುಕೊಳ್ಳುತ್ತಾರೆ. ಯಾವುದೆಂದು ತಿಳಿಯುವಷ್ಟರಲ್ಲಿ ಲೈನು ಕಡಿದುಹೋಯಿತು.

ನಿಂಗರಾಜು ಹೊರಗೆ ಬಂದ. ಅವ್ವ ಮನೆಯ ಬಾಗಿಲಲ್ಲಿ ನಿಂತು ಇತ್ತಲೇ ನೋಡುತ್ತಿದ್ದಳು. ಅಂದೆಯಾ ಎಂದು ಕೈಸನ್ನೆಯಲ್ಲೇ ಕೇಳಿದಳು. ಅವನು ಹೂಂ ಎಂದು ತಲೆಯಾಡಿಸಿದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಹೊತ್ತು ಮುಳುಗಿ ದೀಪ ಹಚ್ಚುವ ವೇಳೆಯಾದರೂ ಆ ಮನೆಯಲ್ಲಿ ಬೆಳಕು ಕಾಣಲಿಲ್ಲ.