ಬುಧವಾರದ ಕೆಂಪು ಗುಂಡಿ

ಕಿಟಕಿಯಾಚೆ ಕೆಂಪಗೆ ಏನೋ ಮಿಂಚಿ ಹೋಯಿತು, ಬಿಳಿ ಫ್ರಾಕಿನ ಬೆನ್ನಿಗೆ, ಮಧ್ಯಾಹ್ನ ಅಂಗಡಿಯಿಂದ ಒಯ್ದ ಫ್ರಾಕೇ ಇರಬೇಕು, ಎದುರುಮನೆಯ ಆ ಮಗು ಇನ್ನೂ ಬಿಚ್ಚಿಲ್ಲವಲ್ಲಪ್ಪಾ, ಇರಲಿ, ಕೆಂಪು ಕಂಡದ್ದೇ ಇವತ್ತು ಬುಧವಾರವೆಂದು ನೆನಪಾಯಿತು, ಬುಧವಾರವೆಂದರೆ ಗುಳಿಗೆ — ಟೈಲರಮ್ಮ ಮೆಷಿನ್ನಿನಿಂದ ಕಾಲು ತೆಗೆದು ಗೋಡೆಯತ್ತ ನೋಡುತ್ತಾಳೆ, ಚೂರುಬಟ್ಟೆಯಲ್ಲಿ ತಾನೇ ಹೊಲಿದು ನೇತುಹಾಕಿದ ಏಳು ಜೇಬು, ಏಳು ದಿನಕ್ಕೆ, ಬುಧವಾರದ್ದಕ್ಕೆ ಮಾತ್ರ ಕೆಂಪು ಗುಂಡಿ, ಏಕೆಂದರೆ ಕೀಲುಬೇನೆಯ ಆ ಹಳದಿ ಗುಳಿಗೆ ವಾರಕ್ಕೊಂದೇ ಸಲ, ಭಾನುವಾರ ಗುಳಿಗೆ ಜೇಬಿಗಿಟ್ಟು ಗುಂಡಿ ಬಿಚ್ಚಿಡಬೇಕು, ನುಂಗಿದ ಕೂಡಲೇ ಗುಂಡಿ ಹಾಕಬೇಕು, ಹಾಕಿಲ್ಲವೆಂದರೆ ನುಂಗಿಲ್ಲ. ಹಾಕಿಲ್ಲ. ಅಯ್ಯೋ, ಗುಂಡಿಯೇ ಇಲ್ಲ! ಜೇಬು ಬಾಯಿ ಬಿಟ್ಟುಕೊಂಡಿದೆ, ಬೆರಳಾಡಿಸಿದರೆ ಒಳಗೆ ಏನೂ ಇಲ್ಲ, ನುಂಗಿದೆನೋ, ಎಲ್ಲಾದರೂ ಬಿದ್ದುಹೋಯಿತೋ? ಬೆಳಿಗ್ಗೆ ನೀರು ಕುಡಿದದ್ದು ನೆನಪಿದೆ, ನೀರು ದಿನಾ ಕುಡಿಯುತ್ತಾಳೆ, ಅದ್ಯಾವ ಸಾಕ್ಷಿ. ಡ್ರಾಯರಿನಿಂದ ಸ್ಟ್ರಿಪ್ಪು ತೆಗೆದಳು, ಹೋದ ವರ್ಷ ಈ ಅಂಗೈ ಮಡಚಲು ಬರುತ್ತಿರಲಿಲ್ಲ, ಸೂಜಿಗೆ ದಾರ ಗಂಡನೇ ಪೋಣಿಸಿ ಕೊಡುತ್ತಿದ್ದ, ಈಗ ಗುಂಡಿ ತೂರುವ ಕಾಜ ಕೂಡ ತಾನೇ ಕೈಯಲ್ಲಿ ಹೊಲಿಯುತ್ತಾಳೆ, ಎಲ್ಲ ಈ ಹಳದಿ ಪುಣ್ಯಾತ್ಮನಿಂದ, ಒಂದು ವಾರ ತಪ್ಪಿ ಮತ್ತೆ ಬೆರಳು ಸೆಟೆದುಕೊಂಡರೆ? ನುಂಗಿಯೇ ಬಿಡಲೇ — ಹೆಬ್ಬೆರಳು ಗುಳಿಗೆಯನ್ನು ಒತ್ತತೊಡಗಿತ್ತು, ಡಾಕ್ಟರಮ್ಮನ ದನಿ ಅಡ್ಡ ಬಂತು, ನೋಡೀಮ್ಮ, ಇದು ದಿನಾ ತಗೊಳೋ ಮಾತ್ರೆ ಅಲ್ಲ, ಹೆಚ್ಚಾದ್ರೆ ರಕ್ತ ಕೆಡುತ್ತೆ, ಜೀವಕ್ಕೇ ಕುತ್ತು. ಹೆಬ್ಬೆರಳು ನಿಂತಿತು. ಔಷಧಿ ಅಂಗಡಿಗೆ ಫೋನು ಮಾಡಿದಳು, ಅಂಗಡಿಯಾತ ಕೇಳಿದವನೇ, ಅನುಮಾನ ಇದ್ರೆ ಮುಟ್ಲೇ ಬೇಡಿ ಅಕ್ಕಾ, ಡಾಕ್ಟರನ್ನ ಕೇಳೋ ತನಕ ಸುಮ್ನಿರಿ, ಸರಿಯಪ್ಪಾ ಸುಮ್ಮನಿರುತ್ತೇನೆ, ಆದರೆ ಗುಂಡಿಗೇನು ಕಾಲು ಬಂದಿತ್ತೇ?

ರೀ, ಇಲ್ಲಿದ್ದ ಗುಂಡಿ ಎಲ್ರೀ? ಬಟ್ಟೆ ಕತ್ತರಿಸುತ್ತಿದ್ದ ಗಂಡ ತಲೆಯೆತ್ತಲಿಲ್ಲ, ತಲೆಯೆತ್ತದಿದ್ದರೆ ಕಳ್ಳ ಅವನೇ, ಆ ಫ್ರಾಕಿಗೆ ಒಂದು ಗುಂಡಿ ಕಮ್ಮಿ ಬಿತ್ತು ಕಣೇ, ಮಗು ಬೇರೆ ರಚ್ಚೆ ಹಿಡಿದಿತ್ತು, ನಿಂದೂ ಅದೇ ಕೆಂಪು. ನಿಮ್ಮ ಕತ್ತರಿಗಿಷ್ಟು ಬೆಂಕಿ ಹಾಕ! ಕೀಳೋವಾಗ ಹಾಕಿತ್ತೋ, ಬಿಚ್ಚಿತ್ತೋ, ಅದನ್ನ ಹೇಳಿ ಮೊದಲು. ಹಾಕಿತ್ತು ಕಣೇ, ಎಂಥಾ ಬಿಗಿ ಕಾಜ ಹೊಲ್ದಿದೀಯ, ಬಿಚ್ಚೋಷ್ಟರಲ್ಲಿ ಸಾಕಾಗೋಯ್ತು. ಹಾಕಿತ್ತು. ಹಾಗಾದರೆ ಬೆಳಿಗ್ಗೆಯೇ ನುಂಗಿದ್ದಾಳೆ, ಇನ್ನೊಂದು ನುಂಗಲಿದ್ದಳು, ದೇವರೇ — ಸ್ಟ್ರಿಪ್ಪು ಡ್ರಾಯರಿಗೆ ಹೋಯಿತು, ನಗು ಬಂತು, ಬೈಯಲೂ ಮನಸ್ಸಾಗದಷ್ಟು ನಗು, ಬಿಗಿ ಕಾಜವಂತೆ, ಈ ಬೆರಳುಗಳೇ ಹೊಲಿದದ್ದು, ಮಡಚಿದಳು, ಬಿಚ್ಚಿದಳು, ಎಲ್ಲಿಯೂ ನೋವಿಲ್ಲ, ಹೊಸ ಗುಂಡಿ ಹಾಕಬೇಕು, ನಾಲ್ಕೆಳೆ ದಾರದಲ್ಲಿ, ಹಾಯಾಗಿದೆ, ಆಚೆ ಮಗು ಕುಣಿಯುತ್ತಾ ಮತ್ತೆ ಬಂತು, ಬೆನ್ನು ತಿರುಗಿಸಿತು, ಬಿಳಿಯ ಮೇಲೆ ಕೆಂಪು ಗುಂಡಿ, ಹಾಕಿದೆ, ಕೆಂಪು ಗುಂಡಿ ಹಾಕಿದೆ.