ಹದಿನೇಳು ಪಿಚ್ಚಿನ ಪ್ರೊಪೆಲ್ಲರ್

ಮೂರನೆಯ ಸಲವೂ ಟೀಚರ್ ನೀರಿನಿಂದ ಮೇಲೇಳಲಿಲ್ಲ. ದೋಣಿ ಎಳೆಯಿತು, ಹಗ್ಗ ಬಿಗಿಯಿತು, ಕಾಲಿಗೆ ಕಟ್ಟಿದ ಸ್ಕೀ ಹಲಗೆಗಳ ತುದಿ ನೀರಿನ ಮೇಲೆ ನಡುಗಿತು. ಅಷ್ಟರಲ್ಲಿ ಅವಳು ಮೂಗಿನ ತನಕ ಮುಳುಗಿ ಹಿಡಿಕೆಯನ್ನು ಬಿಟ್ಟುಬಿಟ್ಟಳು.

ಮಕ್ಕಳಿಗೆ ಈಜು ಕಲಿಸುವುದು ಅವಳ ಕೆಲಸ. ಹಾಗಾಗಿ ಗಂಡನ ಬಾಯಲ್ಲೂ ಅವಳು ಟೀಚರೇ. ಮೆಟ್ಟಿಲಿನಿಂದ ಜಾರಿ ಮಂಡಿ ಮುರಿದುಕೊಳ್ಳುವ ಮೊದಲು, ದೋಣಿಯ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಜಾರುವುದೆಂದರೆ ಅವಳಿಗೆ ಪ್ರಾಣ. ಆಪರೇಷನ್ ಆಯಿತು, ಊರುಗೋಲು ಮೂಲೆ ಸೇರಿತು, "ಇನ್ನು ಧೈರ್ಯವಾಗಿ ಇಳೀರಿ" ಅಂದರು ಡಾಕ್ಟರು. ಆ ಖುಷಿಗೆ ಗಂಡ ಹಳೆಯದೊಂದು ಸ್ಪೋರ್ಟ್ಸ್ ಬೋಟ್ ಕೊಂಡು ತಂದ. ಇಳಿದ ಮೊದಲ ದಿನವೇ ಹೀಗೆ.

"ಕಾಲು ಕೈಕೊಡ್ತು ಕಣ್ರೀ," ಎಂದಳು, ದೋಣಿ ಹತ್ತುತ್ತಾ.

"ನಿನ್ನ ಕಾಲಿಗೇನಾಗಿದೆ? ಈ ಮೋಟಾರಿಗೇ ವಯಸ್ಸಾಗಿರಬೇಕು."

ಅವನು ಸಮಾಧಾನಕ್ಕೆ ಹೇಳುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತಳು.

ದಡದಲ್ಲಿ ನಾದಿನಿಯ ಮೋಟಾರು ರಿಪೇರಿ ಶೆಡ್ಡಿತ್ತು. ಅವಳು ಗ್ರೀಸಿನ ಕೈ ಒರೆಸಿಕೊಳ್ಳುತ್ತಾ ಕಟ್ಟೆಯ ತುದಿಗೆ ಬಂದು ನಿಂತಿದ್ದಳು.

"ಅಣ್ಣ, ಅತ್ತಿಗೇನ ಇಳಿಸಿ ನೀನೊಬ್ಬನೇ ಒಂದು ಸುತ್ತು ಹೋಗ್ಬಾ. ಫುಲ್ ಕೊಡು. ಮುಳ್ಳು ಎಲ್ಲಿ ನಿಲ್ಲುತ್ತೆ ನೋಡ್ಕೋ."

ಅವನು ಹೋಗಿ ಬಂದ. ಮೋಟಾರಿನ ಸುತ್ತು ತೋರಿಸುವ ಮುಳ್ಳು ನಾಲ್ಕೂವರೆ ಸಾವಿರವನ್ನೂ ಮುಟ್ಟಿರಲಿಲ್ಲ.

"ಐದರಿಂದ ಐದೂವರೆ ಸಾವಿರ ತಿರುಗ್ಬೇಕಾದ ಮೋಟಾರು ಇದು," ಎಂದು ನಾದಿನಿ ಮೋಟಾರನ್ನು ಮೇಲೆತ್ತಿಸಿ, ಪ್ರೊಪೆಲ್ಲರಿನ ನಡುವಿನ ಪಾಚಿ ಉಜ್ಜಿದಳು. ಇಪ್ಪತ್ತೊಂದು ಎಂಬ ಅಂಕಿ ಕಾಣಿಸಿತು. "ಸಿಕ್ತು ನೋಡಿ. ಇದು ಪಿಚ್ಚು. ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗೋ ಲೆಕ್ಕ. ಹಗುರ ದೋಣೀನ ರೇಸಲ್ಲಿ ಓಡಿಸೋರಿಗೆ ಸರಿ. ಈ ಭಾರದ ದೋಣಿಗೆ, ಹಿಂದೆ ಅತ್ತಿಗೇನೂ ಎಳೀಬೇಕು ಅಂದ್ರೆ, ಸೈಕಲ್ಲನ್ನ ಟಾಪ್ ಗೇರಲ್ಲಿ ಗುಡ್ಡ ಹತ್ತಿಸಿದ ಹಾಗೆ. ಅತ್ತಿಗೆ, ಇಲ್ಲಿ ನೆಲವೇ ಡೊಂಕು."

ಟೀಚರ್ ನಗಲಿಲ್ಲ. ಒಳಗೊಳಗೇ ಅಳುಕಿದಳು. ಪ್ರೊಪೆಲ್ಲರ್ ಸರಿಯಾದ ಮೇಲೂ ಏಳದೆ ಹೋದರೆ? ಆಗ ದೂರುವುದಕ್ಕೆ ಮಂಡಿಯೊಂದೇ ಉಳಿಯುತ್ತದೆ.

ನಾದಿನಿ ಮೋಟಾರಿನ ಕೀಲಿ ತೆಗೆದಿಟ್ಟು, ರೆಕ್ಕೆಗೆ ಮರದ ತುಂಡು ಒತ್ತುಕೊಟ್ಟು, ನಟ್ಟು ಬಿಚ್ಚಿದಳು. ಶೆಡ್ಡಿನಿಂದ ಹದಿನೈದು ಪಿಚ್ಚಿನದನ್ನು ತಂದು ಕೂರಿಸಿದಳು. ದೋಣಿ ಬಾಣದಂತೆ ಜಿಗಿಯಿತು. ಆದರೆ ಪೂರ್ತಿ ವೇಗ ಕೊಟ್ಟೊಡನೆ ಮೋಟಾರು ಕೀರಲು ದನಿ ತೆಗೆದು, ಮುಳ್ಳು ಕೆಂಪು ಗೆರೆಯನ್ನೇ ದಾಟಿತು. ಗಂಡ ಗಾಬರಿಯಿಂದ ವೇಗದ ಹಿಡಿಯನ್ನು ಹಿಂದಕ್ಕೆಳೆದ.

"ಇದು ಅತಿಯಾಯ್ತು. ಹೀಗೇ ಓಡಿಸಿದ್ರೆ ಮೋಟಾರು ಗೊಟಕ್ ಅನ್ನುತ್ತೆ," ಎಂದಳು ನಾದಿನಿ. "ಹದಿನೇಳು ನೋಡೋಣ."

ಹದಿನೇಳರಲ್ಲಿ ಮುಳ್ಳು ಐದು ಸಾವಿರ ದಾಟಿ, ಚೂರು ಮುಂದೆ ಹೋಗಿ ನಿಂತಿತು. ದನಿ ತುಂಬಿ ಬಂತು, ಅರಚಲಿಲ್ಲ. ಗಂಡ ದೋಣಿಯನ್ನು ಕಟ್ಟೆಗೆ ತಂದು ಹೆಂಡತಿಯ ಮುಖ ನೋಡಿದ.

"ಆಗಲ್ಲ ಅಂದ್ರೆ ಬೇಡ, ಟೀಚರ್. ನಾಳೆ ಬರೋಣ."

"ನಾಳೆ ಅಂದ್ರೆ ಇವತ್ತು ರಾತ್ರಿಯೆಲ್ಲ ಇದೇ ಯೋಚನೆ," ಎಂದು ಅವಳು ನೀರಿಗಿಳಿದಳು.

ಮಂಡಿ ಮಡಚಿ, ಹಿಡಿಕೆ ಹಿಡಿದು, ಹೊರಡಿ ಎಂದು ತಲೆಯಾಡಿಸಿದಳು. ಹಗ್ಗ ಬಿಗಿಯಿತು. ಈ ಸಲ ನೀರು ಮುಖಕ್ಕೆ ಬಡಿಯುವ ಮೊದಲೇ ಏನೋ ಅವಳನ್ನು ರಟ್ಟೆ ಹಿಡಿದು ಎತ್ತಿದಂತಾಯಿತು. ಪಾದದ ಕೆಳಗೆ ನೀರು ಗಟ್ಟಿಯಾಯಿತು. ಅವಳು ನಿಂತಿದ್ದಳು. ಮಂಡಿ ಸ್ವಲ್ಪ ನಡುಗಿತು, ಆಮೇಲೆ ಹಳೆಯ ಪಾಠ ನೆನಪಾದಂತೆ ತಾನೇ ಹದಕ್ಕೆ ಬಂತು. ದೋಣಿಯ ಹಿಂಬದಿಯಲ್ಲಿ ಕೂತಿದ್ದ ನಾದಿನಿ ಎರಡೂ ಕೈ ಎತ್ತಿ ಏನೋ ಕೂಗುತ್ತಿದ್ದಳು, ಒಂದಕ್ಷರವೂ ಕೇಳಿಸಲಿಲ್ಲ.

ದೊಡ್ಡದೊಂದು ಸುತ್ತು ಮುಗಿಸಿ, ತಾನಾಗಿಯೇ ಹಗ್ಗ ಬಿಟ್ಟು ಮೆಲ್ಲನೆ ನೀರಿಗೆ ಕುಸಿದಳು. ಗಂಡ ಮೋಟಾರು ಆರಿಸಿ ಅವಳನ್ನು ಮೇಲೆಳೆದುಕೊಂಡ. ಅವನ ಕಣ್ಣು ಕೆಂಪಾಗಿತ್ತು.

"ಕಣ್ಣಿಗೆ ನೀರು ಹಾರ್ತು," ಎಂದ.

"ಗಾಜಿನ ಹಿಂದೆ ಕೂತೋನಿಗೆ ನೀರೆಲ್ಲಿಂದ ಹಾರುತ್ತಣ್ಣಾ?" ಎಂದಳು ತಂಗಿ.

ಅವನು ಹಗ್ಗ ಸುತ್ತತೊಡಗಿದ. ಟೀಚರ್ ಒದ್ದೆ ಬಟ್ಟೆಯಲ್ಲೇ ಸೀಟಿಗೊರಗಿ ಕಾಲು ಚಾಚಿದಳು. ಎದೆಯ ಮೇಲಿನ ಕಲ್ಲು ಇಳಿದಿತ್ತು. ಬೆಳಗಿನಿಂದ ಒಂದು ತುತ್ತೂ ತಿಂದಿಲ್ಲವೆಂಬುದು ಆಗಷ್ಟೇ ಅವಳ ಹೊಟ್ಟೆಗೆ ನೆನಪಾಯಿತು.